‘ಇಲ್ಲ’ ಎಂಬ ಬಟನ್

ನನ್ನ ಗಂಡ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ.

ನಾವಿಬ್ಬರೂ ಒಂದೇ ಸ್ಟುಡಿಯೋದಲ್ಲಿ ದುಡಿಯುವವರು. ಮಕ್ಕಳ ಸಿನಿಮಾವೊಂದರ ಆನೆಯನ್ನು ಕಂಪ್ಯೂಟರಿನಲ್ಲಿ ನಡೆಸುವುದು, ಕುಣಿಸುವುದು ನನ್ನ ಪಾಲಿನ ಕೆಲಸ. ಹಾಗಾಗಿ ಚಿಕ್ಕವರಿಗೆಲ್ಲ ನಾನು ಆನೆಯಕ್ಕ. ಅವನದು ಸ್ಕ್ರಿಪ್ಟ್ ಬರೆಯುವ ಕೆಲಸ; ಸಿನಿಮಾದ ಕಥೆಯಲ್ಲ, ಕಂಪ್ಯೂಟರಿಗೆ ಕೊಡುವ ಪುಟ್ಟ ಪ್ರೋಗ್ರಾಮುಗಳು. ಸಾಫ್ಟ್‌ವೇರಿನಲ್ಲಿ ಇಲ್ಲದ ಪುಟ್ಟ ಪುಟ್ಟ ವಿಂಡೋಗಳನ್ನು ನಮಗೆ ಕಟ್ಟಿಕೊಡುತ್ತಾನೆ. ನಿಜವಾದ ಆನೆಯ ಸೊಂಡಿಲಿಗೆ ಮೂಳೆಯಿಲ್ಲವಂತೆ, ನಮ್ಮ ಆನೆಯದರಲ್ಲಿ ರಾಶಿ ಮೂಳೆ. ಅವನ್ನು ಒಂದೊಂದಾಗಿ ಹಿಡಿದು ತಿರುಗಿಸುವ ಬದಲು ಅವನ ವಿಂಡೋದಲ್ಲಿ ‘ಸುರುಳಿ’ ಎಂಬ ಬಟನ್ ಒತ್ತಿದರೆ ಸೊಂಡಿಲು ತಾನೇ ಸುತ್ತಿಕೊಳ್ಳುತ್ತದೆ. ತಲೆ ಚುರುಕು, ಕೈ ಚುರುಕು. ಕಿವಿ ಮಾತ್ರ ಅಷ್ಟಕ್ಕಷ್ಟೇ.

ಮನೆಯಲ್ಲಿ ಕಿಟಕಿಯ ಪಕ್ಕದ ಮೂಲೆ ನನ್ನದು. ಒಂದು ಕುರ್ಚಿ, ಒಂದು ಹಲಗೆ, ಚಿತ್ರ ಬರೆಯಲು ಒಳ್ಳೆಯ ಬೆಳಕು. ಇಡೀ ಮನೆಯಲ್ಲಿ ನನ್ನದು ಅಂತ ಇರುವುದು ಅಷ್ಟೇ ಜಾಗ. ಮೊನ್ನೆ ಅವನು, “ನಮ್ಮಕ್ಕನ ಹೊಲಿಗೆ ಮೆಷಿನ್ ಅಲ್ಲಿ ಇಡಲಾ?” ಅಂತ ಕೇಳಿದ. “ಬೇಡ” ಅಂದೆ. “ಆಯ್ತು” ಅಂದ. ಮಾರನೆಯ ದಿನ ನೋಡಿದರೆ ಮೆಷಿನ್ ಬಂದು ಕೂತಿದೆ, ನನ್ನ ಕುರ್ಚಿ ಬಚ್ಚಲಿನ ಬಾಗಿಲಿಗೆ ಒರಗಿ ನಿಂತಿದೆ!

“ಬೇಡ ಅಂದಿದ್ದೆನಲ್ಲ?”

“ನೀನು ಸುಮ್ನೆ ಅಂದೆ ಅಂದ್ಕೊಂಡೆ ಕಣೇ.”

ಸುಮ್ಮನೆಯಂತೆ! ಮೈಯೆಲ್ಲ ಉರಿದುಹೋಯಿತು. ಆ ಕ್ಷಣವೇ ಮಾತು ಬಿಟ್ಟೆ. ಸ್ಟುಡಿಯೋಗೆ ಬಂದವಳೇ ಅವನ ಸ್ಕ್ರಿಪ್ಟುಗಳನ್ನೆಲ್ಲ ನನ್ನ ಕಂಪ್ಯೂಟರಿನಿಂದ ಕಿತ್ತು ಹಾಕಿದೆ. ಇವನ ಹಂಗೇ ಬೇಡ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಒಂದೊಂದೇ ಮೂಳೆ ಹಿಡಿದು ಸೊಂಡಿಲು ತಿರುಗಿಸುತ್ತ ಕೂತೆ. ಊಟದ ಹೊತ್ತಿಗೆ ಆನೆ ತನ್ನ ಮೂಗಿಗೆ ತಾನೇ ಗಂಟು ಹಾಕಿಕೊಂಡಿತ್ತು.

ಅದನ್ನು ಬಿಡಿಸುತ್ತಿರುವಾಗ ದೀಪದಣ್ಣ ಬಂದ. ದೃಶ್ಯಗಳಿಗೆ ಬೆಳಕು ಕೂರಿಸುವವನು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ.

“ತಂಗೀ, ಚಿಂತೆ ಮಾಡ್ಬೇಡ. ನಾನು ಹೌದು ಅಂದ್ಬಿಟ್ಟೆ.”

“ಏನು ಹೌದು?”

“ಇಳೀತು ಅಂತ.” ನನ್ನ ತಲೆ ಸವರಿ ಹೋಗೇಬಿಟ್ಟ.

ಅವನ ಹಿಂದೆಯೇ, ಪ್ರಾಣಿಗಳಿಗೆ ಕೂದಲು ಹಚ್ಚುವ ಹುಡುಗಿ ಬಂದಳು. “ಅಕ್ಕಾ, ನಾನೂ ಹೌದು ಅಂದೆ. ಮೊದ್ಲು ನಿಮ್ಮ ಪರವಾಗಿ ಇಲ್ಲ ಅಂತ ಒತ್ತಿದ್ದೆ, ಆಣೆ ಮಾಡಿ ಹೇಳ್ತೀನಿ. ಆಗ್ಲಿಲ್ಲ.”

ಇವರಿಗೆಲ್ಲ ಏನಾಗಿದೆ ಅಂತ ನಾನು ಮಿಕಿ ಮಿಕಿ ನೋಡುತ್ತಿರುವಾಗಲೇ ನಿರ್ದೇಶಕರ ಕೋಣೆಯಿಂದ ಆರ್ಭಟ ಕೇಳಿತು.

“ನನಗೆ ಇಳಿದಿಲ್ಲಾ!”

ಎಲ್ಲರೂ ಓಡಿದೆವು. ನಿರ್ದೇಶಕರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರ ಪರದೆಯ ನಟ್ಟನಡುವೆ ಒಂದು ಪುಟ್ಟ ವಿಂಡೋ: “ಸಿಟ್ಟು ಇಳೀತಾ?” ಕೆಳಗೆ ಎರಡು ಬಟನ್, ‘ಹೌದು’ ಮತ್ತು ‘ಇಲ್ಲ’. ಅವರು ‘ಇಲ್ಲ’ವನ್ನು ಬೆರಳು ಮುರಿಯುವ ಹಾಗೆ ಒತ್ತುತ್ತಿದ್ದರು. ವಿಂಡೋ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ನನ್ನ ಗಂಡ ಬಾಗಿಲಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. ಆಗ ಅರ್ಥವಾಯಿತು. ಈ ಮಹಾನುಭಾವ ನಾನು ಫೈಲ್ ಸೇವ್ ಮಾಡಲು ಹೋದಾಗ ಕೇಳಲಿ ಅಂತ ಇದನ್ನು ಬರೆದಿದ್ದಾನೆ. ಬರೆದದ್ದನ್ನು ನನ್ನ ಫೋಲ್ಡರಿಗೆ ಹಾಕುವ ಬದಲು ಎಲ್ಲರೂ ಬಳಸುವ ಫೋಲ್ಡರಿಗೆ ಹಾಕಿದ್ದಾನೆ. ಸೇವ್ ಮಾಡಿದವರನ್ನೆಲ್ಲ ಅದು ಅಡ್ಡಗಟ್ಟಿ ವಿಚಾರಿಸಿದೆ. ನಿರ್ದೇಶಕರೊಬ್ಬರನ್ನು ಬಿಟ್ಟರೆ ಇಡೀ ಸ್ಟುಡಿಯೋ ಅವನನ್ನು ಕ್ಷಮಿಸಿಯಾಗಿದೆ. ಅವನ ಸ್ಕ್ರಿಪ್ಟ್ ಕಿತ್ತೆಸೆದು ಕೂತ ನನಗೊಬ್ಬಳಿಗೇ ಪ್ರಶ್ನೆ ಬಂದಿಲ್ಲ!

“ಸಾರ್, ಹೌದು ಅಂತ ಒತ್ತಿಬಿಡಿ, ಹೋಗುತ್ತೆ” ಅಂದ ದೀಪದಣ್ಣ.

“ಯಾಕಯ್ಯ ಒತ್ಲಿ? ನನಗೆ ಸಿಟ್ಟಿದೆ. ಸುಳ್ಳು ಹೇಳಲ್ಲ ನಾನು!”

“ಒತ್ತದೇ ಇದ್ರೆ ಬೆಳಗಿನಿಂದ ಮಾಡಿದ್ದೆಲ್ಲ ಹೋಗುತ್ತೆ ಸಾರ್” ಅಂತ ಗೊಣಗಿದ ನನ್ನ ಗಂಡ. ಅದನ್ನು ಕೇಳಿ ಅವರಿಗೆ ಸಿಟ್ಟು ಇನ್ನಷ್ಟು ಏರಿತು. ಕೂದಲ ಹುಡುಗಿ ನೀರು ಕೊಟ್ಟಳು, ದೀಪದಣ್ಣ ಫೈಲೊಂದರಿಂದ ಗಾಳಿ ಹಾಕಿದ. ಪ್ರಯೋಜನವಾಗಲಿಲ್ಲ.

ನಾನು ಮುಂದೆ ಹೋಗಿ ‘ಇಲ್ಲ’ ಒತ್ತಿದೆ. ಏನೂ ಆಗಲಿಲ್ಲ. ಮಾತು ಬಿಟ್ಟಿದ್ದೇನೆ ಅನ್ನುವುದೂ ಮರೆತುಹೋಯಿತು.

“ಇದ್ಯಾಕೆ ಕೆಲಸ ಮಾಡ್ತಿಲ್ಲ?”

“ಅದಕ್ಕೆ... ಏನೂ ಬರೆದಿಲ್ಲ.”

“ಯಾಕೆ?”

“ನೀನು ಇಲ್ಲ ಅನ್ನಲ್ಲ ಅಂದ್ಕೊಂಡೆ.”

“ನೋಡಿದ್ರಾ ಸಾರ್?” ಅಂದೆ. “ಮನೇಲೂ ಹೀಗೇ. ಕೇಳ್ತಾನೆ. ಬೇಡ ಅಂದ್ರೆ ಅದಕ್ಕೆ ಬೆಲೆನೇ ಇಲ್ಲ.” ಮೆಷಿನ್ನಿನ ಕಥೆಯನ್ನೆಲ್ಲ ಅಲ್ಲೇ ಹೇಳಿಬಿಟ್ಟೆ. ಹೇಳುವಾಗ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು.

ನಿರ್ದೇಶಕರು ಅವನತ್ತ ತಿರುಗಿದರು. “ಅಕ್ಕನಿಗೆ ಫೋನ್ ಮಾಡಯ್ಯ. ಈಗ್ಲೇ. ನಮಗೂ ಕೇಳಿಸಲಿ.”

ಅವನು ಸ್ಪೀಕರ್ ಹಾಕಿ ಫೋನ್ ಮಾಡಿದ. “ಅಕ್ಕಾ, ಮೆಷಿನ್ ವಾಪಸ್ ತರ್ತೀನಿ. ಅವಳಿಗೆ ಬೇಡ.”

“ಅವಳನ್ನ ಕೇಳಿದ್ಯಾ ಅಂತ ಅವತ್ತೇ ಬಡ್ಕೊಂಡ್ನಲ್ಲೋ! ಕೇಳಿದ್ದೀನಿ ಅಂದ್ಯಲ್ಲ?”

“ಕೇಳಿದ್ದೆ ಅಕ್ಕ. ಬೇಡ ಅಂದಿದ್ಲು.”

“ಮತ್ಯಾಕೋ ಹೊತ್ಕೊಂಡು ಹೋದೆ, ಮುಠ್ಠಾಳ? ನಾನೂ ಬೇಡ ಅಂದಿದ್ನಲ್ಲೋ! ಅದನ್ನ ಗುಜರಿಗೆ ಹಾಕ್ತೀನಿ, ಮುಟ್ಬೇಡ ಅಂದಿದ್ದೆ!”

ನಿರ್ದೇಶಕರು ಮೊದಲು ಕೆಮ್ಮಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, “ಈಗ ಇಳೀತು” ಅಂತ ಗಂಭೀರವಾಗಿ ‘ಹೌದು’ ಒತ್ತಿದರು. ಫೈಲು ಉಳಿಯಿತು.

ಸಂಜೆ ಹೊರಡುವ ಮುಂಚೆ ನನ್ನ ಗಂಡ ತನ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದ. ಅದೇ ವಿಂಡೋ, ಅದೇ ಪ್ರಶ್ನೆ. ನಾನು ‘ಇಲ್ಲ’ ಒತ್ತಿದೆ. ವಿಂಡೋ ಮುಚ್ಚಿಕೊಂಡಿತು. ಅವನು ಮತ್ತೆ ಕೇಳಲಿಲ್ಲ, ಮುಖ ಚಿಕ್ಕದು ಮಾಡಿಕೊಂಡು ಚೀಲ ತಗಲಿಸಿಕೊಂಡ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿದುಹೋಯಿತು. ಹೇಳಲಿಲ್ಲ, ಒದ್ದಾಡಲಿ ಅಂತ ಬಿಟ್ಟೆ.

ಮನೆಗೆ ಬಂದವನೇ ಮೆಷಿನ್ ಎತ್ತಿ ಹೊರಗಿಟ್ಟ, ಮೂಲೆ ಗುಡಿಸಿದ, ಬಚ್ಚಲಿನ ಬಾಗಿಲಿನಿಂದ ನನ್ನ ಕುರ್ಚಿ ಹೊತ್ತು ತಂದ. “ಇಲ್ಲೇ ಹಾಕ್ಲಾ?” ಅಂದ.

“ಬೇಡ” ಅಂದೆ, ಸುಮ್ಮನೆ ನೋಡೋಣ ಅಂತ.

ಅವನು ಕುರ್ಚಿಯನ್ನು ಮತ್ತೆ ತಲೆಯ ಮೇಲೆತ್ತಿಕೊಂಡು ಬಚ್ಚಲಿನ ಕಡೆಗೆ ನಡೆದ.

“ಲೋ, ಬಾರೋ ಇಲ್ಲಿ!” ಅಂತ ಹಿಂದೆಯೇ ಓಡಿದೆ. “ಈ ಸಲ ಸುಮ್ನೆ ಅಂದೆ ಕಣೋ!”