ಮೂವತ್ತು ಗಂಟೆಯ ಸ್ಟೀಲು

ಒಲೆಯ ಮುಂದೆ ಆದ ತಪ್ಪನ್ನು ಒಲೆಯ ಮುಂದೆ ನಿಂತವರೇ ಒಪ್ಪಿಕೊಳ್ಳಬೇಕು, ಇನ್ನೊಬ್ಬರ ತಲೆಗೆ ಕಟ್ಟಬಾರದು ಎಂದು ಹತ್ತೊಂಬತ್ತು ವರ್ಷಗಳ ಹಿಂದೆ ಕೆಲಸ ಕಲಿಸಿದ ಮೇಸ್ತ್ರಿ ನನ್ನಿಂದ ಮಾತು ತೆಗೆದುಕೊಂಡಿದ್ದರು. ಬರೀ "ಹೂಂ" ಅಂದರೆ ಬಿಡಲಿಲ್ಲ, ಪೂರ್ತಿ ಹೇಳಿಸಿದರು. ಹೇಳಿದ್ದೆ.

ಸ್ಟೇನ್‌ಲೆಸ್ ಸ್ಟೀಲಿನ ಮೈ ಗಟ್ಟಿ ಮಾಡುವುದು ನಮ್ಮ ಕೆಲಸ. ಆ ಸ್ಟೀಲು ತುಕ್ಕು ಹಿಡಿಯದು ನಿಜ, ಆದರೆ ಮೆತ್ತಗೆ, ಉಜ್ಜಾಡಿದರೆ ಸವೆಯುತ್ತದೆ. ಮುಚ್ಚಿದ ಒಲೆಯೊಳಗೆ ಸಾರಜನಕ ಊಡುತ್ತಾ ನಾನೂರ ಇಪ್ಪತ್ತು ಡಿಗ್ರಿಯಲ್ಲಿ ಮೂವತ್ತು ಗಂಟೆ ಇಟ್ಟರೆ ಮೈ ಕಲ್ಲಾಗುತ್ತದೆ. ಶಾಖ ಏರಿಸಿದರೆ ಎಂಟೇ ಗಂಟೆ ಸಾಕು. ಆದರೆ ಆಗ ತುಕ್ಕನ್ನು ತಡೆಯುವ ಕ್ರೋಮಿಯಂ ಹೋಗಿ ಸಾರಜನಕಕ್ಕೆ ಅಂಟಿಕೊಳ್ಳುತ್ತದೆ, ಸ್ಟೀಲನ್ನು ಕಾಯಲು ಉಳಿಯುವುದಿಲ್ಲ. ಕಣ್ಣಿಗೆ ಇದು ಕಾಣುವಂಥದ್ದಲ್ಲ. ಅದಕ್ಕೇ ಪ್ರತಿ ಸಲವೂ ಒಂದು ತುಂಡನ್ನು ಎರಡು ದಿನ ಉಪ್ಪುನೀರಿನಲ್ಲಿಟ್ಟು ನೋಡುತ್ತೇವೆ.

ಹಾಲಿನ ಕಾರ್ಖಾನೆಯ ನಾಲ್ಕು ಪಂಪ್ ಶಾಫ್ಟುಗಳು ಬಂದದ್ದು ಶನಿವಾರ ಬೆಳಿಗ್ಗೆ. ಮರುದಿನ ಮಗಳ ಈಜು ಸ್ಪರ್ಧೆ. ಹಿಂದಿನ ಮೂರು ಭಾನುವಾರಗಳನ್ನು ಒಲೆಯ ಮುಂದೆಯೇ ಕಳೆದಿದ್ದೆ. "ಬರ್ತೀಯಾ ಅಮ್ಮ?" ಎಂದು ಕೇಳುವುದನ್ನೇ ಅವಳು ಬಿಟ್ಟಿದ್ದಳು. ಒಲೆಯ ಶಾಖದ ಗುಂಡಿಯನ್ನು ಐನೂರ ಇಪ್ಪತ್ತಕ್ಕೆ ತಿರುಗಿಸಿದೆ. ಸಂಜೆಗೆ ಮುಗಿಯಿತು. ಗಡಸುತನ ಅಳೆದೆ, ಬೇಕಾದಷ್ಟಿತ್ತು. ತುಂಡನ್ನು ಉಪ್ಪುನೀರಿಗೆ ಹಾಕದೆಯೇ, ದಾಖಲೆ ಪುಸ್ತಕದ ಉಪ್ಪುನೀರಿನ ಸಾಲಿನಲ್ಲಿ 'ಸರಿ ಇದೆ' ಎಂದು ಬರೆದೆ. ಮಗಳು ನಾಲ್ಕನೆಯವಳಾಗಿ ಬಂದಳು. ಕೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ಮೂರು ವಾರಕ್ಕೆ ಶಾಫ್ಟುಗಳಿಗೆ ತುಕ್ಕು ಹಿಡಿಯಿತೆಂದು ಹಾಲಿನ ಕಾರ್ಖಾನೆಯಿಂದ ಫೋನ್ ಬಂತು. ನಮ್ಮ ವರ್ಕ್‌ಶಾಪಿನ ಯಜಮಾನರ ಜೊತೆ ಹೋದೆ. ಮೇಜಿನ ಮೇಲೆ ನಾಲ್ಕೂ ಶಾಫ್ಟುಗಳು. ಪಕ್ಕದಲ್ಲಿ ಪಂಪು ತೊಳೆಯುವ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು, ರಬ್ಬರ್ ಬೂಟಿನಲ್ಲಿ ನಿಂತಿದ್ದಳು.

"ನಮ್ಮಕ್ಕನ ಒಲೆಯಿಂದ ಬಂದ ಸ್ಟೀಲನ್ನ ಸಮುದ್ರಕ್ಕೆ ಎಸೆದ್ರೆ ಸಮುದ್ರಕ್ಕೇ ತುಕ್ಕು ಹಿಡೀಬೇಕು ಸಾರ್!" ಎಂದು ನನ್ನತ್ತ ಕೈ ತೋರಿಸಿ ಯಜಮಾನರು ನಕ್ಕರು.

ಅಲ್ಲಿನ ಮ್ಯಾನೇಜರ್ ಆಕೆಯತ್ತ ತಿರುಗಿದ. "ಬ್ಲೀಚಿಂಗ್ ಪುಡಿ ಎಷ್ಟು ಸುರೀತೀಯಮ್ಮಾ? ಬಟ್ಟೆ ಒಗೆಯೋದು ಅಂದ್ಕೊಂಡ್ಯಾ?"

"ಬಕೆಟ್ಟಿಗೆ ಒಂದೇ ಅಳತೆ ಸಾರ್, ಆರು ವರ್ಷದಿಂದ. ಮನೇಲಿ ಅಡುಗೆಗೆ ಉಪ್ಪು ಹಾಕೋವಾಗ ಕೈ ತಪ್ಪತ್ತೆ, ಇಲ್ಲಿ ತಪ್ಪಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ಬ್ಲೀಚ್ ಕಚ್ಚಿದ್ದರೆ ಅಲ್ಲೊಂದು ಇಲ್ಲೊಂದು ಸೂಜಿಚುಚ್ಚು ಇರುತ್ತಿತ್ತು. ಇವು ಈ ತುದಿಯಿಂದ ಆ ತುದಿಗೆ ಒಂದೇ ಸಮ ಕಂದು ಬಣ್ಣಕ್ಕೆ ತಿರುಗಿದ್ದವು. ನನ್ನ ಒಲೆಯದೇ ಕೆಲಸ ಎಂದು ನೋಡಿದ ಕೂಡಲೇ ತಿಳಿಯಿತು. ಯಜಮಾನರ ನಗು ಇನ್ನೂ ಮುಖದ ಮೇಲೇ ಇತ್ತು.

"ಬ್ಲೀಚ್ ಜಾಸ್ತಿಯಾದ್ರೆ ಸ್ಟೀಲು ಹಾಳಾಗೋದುಂಟು," ಎಂದೆ.

ಮಾತೇನೋ ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಂತು.

ಆಕೆ ಶಾಫ್ಟನ್ನು ನೋಡಿದಳು, ತನ್ನ ಅಂಗೈಗಳನ್ನು ನೋಡಿಕೊಂಡಳು. "ನೀವು ತಿಳಿದೋರು. ಇದ್ರೂ ಇರಬಹುದಮ್ಮ. ನಿದ್ದೆಗಣ್ಣಲ್ಲಿ ಯಾವತ್ತೋ ಎರಡು ಅಳತೆ ಹಾಕಿದ್ನೋ ಏನೋ."

ಗೇಟಿನ ತನಕ ಹಿಂದೆಯೇ ಬಂದಳು. "ಇನ್ಮುಂದೆ ಎಷ್ಟು ಹಾಕ್ಬೇಕು, ಸರಿಯಾಗಿ ಹೇಳ್ಕೊಡಿ."

ಹೇಳಿಕೊಟ್ಟೆ. ಆಕೆ ಆರು ವರ್ಷದಿಂದ ಹಾಕುತ್ತಿದ್ದ ಅಳತೆಯನ್ನೇ ಹೇಳಿಕೊಟ್ಟೆ. ಆಕೆ ಬೆರಳು ಮಡಿಚಿ ನೆನಪಿಟ್ಟುಕೊಂಡಳು. "ನಿಮಗೆ ಪುಣ್ಯ ಬರಲಿ," ಎಂದಳು.

ಹೊಸ ಶಾಫ್ಟುಗಳನ್ನು ಮೂವತ್ತು ಗಂಟೆ ಕಾದು ಮಾಡಿದೆ. ಉಪ್ಪುನೀರಿನಲ್ಲೂ ಇಟ್ಟೆ. ಅಷ್ಟರಲ್ಲಿ ಅಲ್ಲಿ ಆಕೆಯನ್ನು ಕ್ರೇಟು ಹೊರಲು ಹಾಕಿ, ತೊಳೆಯುವುದಕ್ಕೆ ಬೇರೆಯವರನ್ನು ನಿಲ್ಲಿಸಿದ್ದರು. ಒಂದು ತಿಂಗಳ ಮೇಲೆ ಮ್ಯಾನೇಜರ್ ಫೋನ್ ಮಾಡಿದ.

"ನೀವು ಹೇಳಿದ್ದೇ ನಿಜ ಆಯ್ತು ನೋಡಿ ಮೇಡಂ. ಕೈ ಬದಲಾಯಿಸಿದ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಆಕೇನ ಈ ವಾರ ಕೆಲಸದಿಂದ ಬಿಡಿಸ್ತಿದ್ದೀವಿ."

ಆಗಲೂ ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು, ಅಕ್ಕಪಕ್ಕ ಯಾರೂ ಇರಲಿಲ್ಲ.

"ಹೌದಾ," ಎಂದೆ.

ಮೇಸ್ತ್ರಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.