ಮೊದಲ ಮಂಜಿನ ಸೊಪ್ಪು

ಶನಿವಾರ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದವಳೇ ಓಜೆಲ್ಲಾ ಟಟ್ ಕುಣಿದುಬಿಟ್ಟಳು. ಮೊಣಕಾಲು ಬೇಡ ಬೇಡ ಎಂದರೂ ಕುಣಿದಳು. ಅಂಗಳದ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ರಾತ್ರಿ ಮೊದಲ ಮಂಜು ಬಿದ್ದು ಹೆಪ್ಪುಗಟ್ಟಿತ್ತು.

"ಬಂತಲ್ಲಪ್ಪಾ ದೇವ್ರೇ, ಕೊನೆಗೂ ಬಂತಲ್ಲಾ!" ಎಂದು ಒಬ್ಬಳೇ ಕೂಗಿ, ಕಪಾಟಿನ ಮೇಲಿದ್ದ ಕಾಫಿ ಡಬ್ಬ ಇಳಿಸಿಕೊಂಡಳು.

ಡಬ್ಬದ ತುಂಬ ಹಸಿರು ಬಣ್ಣದ ಮರದ ಬಿಲ್ಲೆಗಳು. ಸರ್ಕಾರದ ಆಹಾರ ಕಾರ್ಡು ಇದ್ದವರು ಶನಿವಾರದ ರೈತರ ಸಂತೆಯಲ್ಲಿ ಎಷ್ಟಕ್ಕೆ ಕಾರ್ಡು ಉಜ್ಜುತ್ತಾರೋ, ಅಷ್ಟೇ ಬೆಲೆಯ ಹಸಿರು ಬಿಲ್ಲೆಗಳು ಮೇಲೆ ಪುಕ್ಕಟೆ ಸಿಗುತ್ತವೆ. ಅವಕ್ಕೆ ತಾಜಾ ಹಣ್ಣು ತರಕಾರಿ ಬಿಟ್ಟು ಬೇರೇನೂ ಬರುವುದಿಲ್ಲ. ಬೇರೆಯವರು ಅಂದಂದೇ ಪೀಚ್ ಹಣ್ಣು, ಟೊಮೇಟೊ ಎಂದು ಖರ್ಚು ಮಾಡಿ ಮನೆಗೆ ಹೋಗುತ್ತಿದ್ದರು. ಓಜೆಲ್ಲಾ ಮಾತ್ರ ಬೇಸಿಗೆಯಿಡೀ ಬಾಯಿ ಕಟ್ಟಿ ಬಿಲ್ಲೆಗಳನ್ನು ಡಬ್ಬಕ್ಕೆ ಹಾಕಿದ್ದಳು. ಎಲ್ಲ ಕಾಲರ್ಡ್ ಸೊಪ್ಪಿಗಾಗಿ. ಆನೆ ಕಿವಿಯಂಥ ಆ ಎಲೆಗೆ ಮಂಜು ತಾಗಿದ ಮೇಲೆಯೇ ಸಿಹಿ ಇಳಿಯುವುದು, ಅದಕ್ಕೆ ಮುಂಚೆ ಬೇಯಿಸುವವರಿಗೆ ನಾಲಿಗೆ ಇಲ್ಲ ಎಂಬುದು ಅವಳ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಆದರೆ ಜಾರ್ಜಿಯಾದ ಮಂಜಿಗೆ ಅವಸರವೆಂಬುದೇ ಇಲ್ಲ. ಈ ವರ್ಷದ ಕೊನೆಯ ಸಂತೆಯ ದಿನವೇ ಅದು ಬಂದು ಬಿತ್ತು.

ನಾಳೆ ಭಾನುವಾರ ಚರ್ಚಿನಲ್ಲಿ ಸುಗ್ಗಿಯೂಟ. ಹೋದ ವರ್ಷವೂ ಸೊಪ್ಪು ಓಜೆಲ್ಲಾಳ ಪಾಲಿಗೇ ಬಂದಿತ್ತು. ಆಗ ಕಾರ್ಡು ಬರಿದಾಗಿ, ಅಂಗಡಿಯಲ್ಲಿ ಸಿಗುವ ಡಬ್ಬದ ಸೊಪ್ಪನ್ನೇ ಬಿಸಿ ಮಾಡಿ ಒಯ್ದಿದ್ದಳು. ಅಡುಗೆ ಪಂಗಡದ ಯಜಮಾನಿ ವರ್ಡೀನ್ ಒಂದು ಸೌಟು ತಟ್ಟೆಗೆ ಹಾಕಿಕೊಂಡು ಮೂಸಿ, "ಈ ಸೊಪ್ಪು ಯಾರು ಮಾಡಿದ್ದು?" ಎಂದು ಕೇಳಿದ್ದಳು. ಹೆಸರು ತಿಳಿದ ಮೇಲೆ ತಟ್ಟೆಯದನ್ನು ಮೆಲ್ಲಗೆ ಪಾತ್ರೆಗೇ ಸುರಿದಿದ್ದಳು. ಅವಳ ಹಿಂದಿದ್ದವರೆಲ್ಲ ಪಾತ್ರೆ ದಾಟಿ ಮುಂದೆ ಹೋದರು. ತುಂಬಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದ ಆ ಸಂಜೆಯನ್ನು ಓಜೆಲ್ಲಾ ಮರೆತಿರಲಿಲ್ಲ. ಈ ಸಲವೂ ಸೊಪ್ಪು ನನ್ನದೇ ಎಂದು ಹಟ ಹಿಡಿದು ಹೆಸರು ಕೊಟ್ಟಿದ್ದಳು.

ಈ ಕೊನೆಯ ಸಂತೆಯ ದಿನವೇ ಬಸ್ಸು ಕೈಕೊಡಬೇಕೆ? ಅವಳು ಸಂತೆ ಮುಟ್ಟುವಾಗ ಹೊತ್ತು ಹನ್ನೊಂದು ದಾಟಿತ್ತು. ಬಾಗಿಲ ಬಳಿ ಮೇಜು ಹಾಕಿಕೊಂಡಿದ್ದ ಸಂತೆಯ ಮೇಲ್ವಿಚಾರಕಿ ಡನೀಕಾ, ಡಬ್ಬ ಕಂಡು ಬಾಯಿಗೆ ಕೈ ಇಟ್ಟಳು.

"ಅಯ್ಯೋ ಓಜೆಲ್ಲಮ್ಮ, ಇಷ್ಟೊಂದು ಕೂಡಿಟ್ಟಿದೀರಾ? ಹನ್ನೆರಡಕ್ಕೆ ಗಂಟೆ ಹೊಡೀತೀನಿ. ಆಮೇಲೆ ಇವು ಬರೀ ಕಟ್ಟಿಗೆ. ಮುಂದಿನ ವರ್ಷ ನಡೆಯಲ್ಲ!"

"ದುಡ್ಡಿನ ಹಂಗೆ ಇಟ್ಟುಕೋಬಹುದು ಅಂದ್ಕೊಂಡಿದ್ನಲ್ಲೇ!"

"ನನ್ನನ್ನ ಒಂದು ಮಾತು ಕೇಳಬಾರದಾ? ಓಡಿ, ಓಡಿ!"

ಓಜೆಲ್ಲಾ ಓಡಿದಳು. ಕ್ಲೀವನ್ ಎಂಬ ರೈತನ ಸೊಪ್ಪಿನ ಮೇಜಿನ ಮುಂದೆ ಬಂದು ನಿಂತಳು. ಮೇಜಿನ ಮೇಲೆ ಉಳಿದದ್ದು ನೀರಿನ ಹನಿ ಮಾತ್ರ. ಅಜ್ಜಿ ಅವಳಿಗೊಬ್ಬಳಿಗೇ ಇದ್ದಳೆ? ಊರಿಗೆ ಊರೇ ಮಂಜಿಗೆ ಕಾದಿತ್ತು, ಊರಿಗೆ ಊರೇ ಬೆಳಕು ಹರಿಯುವ ಮೊದಲು ಬಂದು ಗುಡಿಸಿಕೊಂಡು ಹೋಗಿತ್ತು.

ಪಕ್ಕದಲ್ಲಿ ಸಿಹಿಗೆಣಸು ಆರಿಸುತ್ತಿದ್ದ ವರ್ಡೀನ್ ತಿರುಗಿದಳು. "ಏನೇ ಓಜೆಲ್ಲಾ, ಈ ಸಲವೂ ಡಬ್ಬ ತೆರೀತೀಯಾ ಹೆಂಗೆ?"

"ತೆರೀತೀನಿ ವರ್ಡೀನಕ್ಕ, ಇಗೋ ಈ ಡಬ್ಬಾನ," ಎಂದು ಓಜೆಲ್ಲಾ ಬಿಲ್ಲೆಗಳನ್ನು ಅವಳ ಮೂಗಿನ ಕೆಳಗೆ ಗಲಗಲ ಅಲ್ಲಾಡಿಸಿದಳು. ಬಾಯಿ ಜೋರಾಗಿತ್ತು, ಒಳಗೆ ಅಳು ಬಂದಿತ್ತು. "ಕ್ಲೀವನ್, ಹೊಲದಲ್ಲಿ ಉಳಿದೈತೇನಪ್ಪಾ?"

"ಬೇಕಾದಷ್ಟೈತೆ ಅಕ್ಕ, ನೆರಳಿನ ಸಾಲಲ್ಲಿ ಮಂಜು ಇನ್ನೂ ಕರಗಿರಲ್ಲ. ಆದ್ರೆ ಹೋಗಿ ಕುಯ್ದು ಬರೋದ್ರೊಳಗೆ ಗಂಟೆ ಹೊಡೆದುಬಿಡ್ತಾರೆ. ಆಮೇಲೆ ಬಿಲ್ಲೆ ಇಸ್ಕೊಂಡ್ರೆ ನನ್ನ ಜಾಗ ಹೋಗುತ್ತೆ. ಕುಂಬಳಕಾಯಿ ತಗೊಂಡುಬಿಡು."

"ಕುಂಬಳಕಾಯಿ ನಿನ್ನ ತಲೆ! ಗಾಡಿ ತೆಗಿ!"

ಕ್ಲೀವನ್ ಅವಳ ಮುಖ ನೋಡಿದ, ಊರ ಗಡಿಯಾರ ನೋಡಿದ, ಆಮೇಲೆ ಗಹಗಹಿಸಿ ನಕ್ಕು ಬೀಗದ ಕೈ ತೆಗೆದ. ಗಾಡಿ ಹಾರುತ್ತ, ಎಗರುತ್ತ ಊರಾಚೆ ಹೋಯಿತು. ಓಜೆಲ್ಲಾ ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಬಾಗಿಲು ಹಿಡಿದು, "ಇನ್ನೂ ಜೋರಾಗಿ ಓಡ್ಸೋ, ಮದುವೆ ದಿಬ್ಬಣ ಹೊರಟಿದೀಯಾ!" ಎಂದು ದಾರಿಯುದ್ದ ಬೈದಳು.

ಹೊಲಕ್ಕಿಳಿದವಳೇ ಒಂದು ಎಲೆ ಮುರಿದು ಹಸಿಯಾಗಿಯೇ ಕಚ್ಚಿದಳು. ಹಲ್ಲು ಜುಮ್ಮೆಂದಿತು, ಹಿಂದೆಯೇ ಸಿಹಿ ಬಂತು. ಬೇಸಿಗೆಯಿಡೀ ಕಾದದ್ದು ಇದಕ್ಕೇ. ಅವಳಿಗೆ ಹೋದ ಪ್ರಾಯ ತಿರುಗಿ ಬಂದ ಹಾಗಾಯಿತು. ಕ್ಲೀವನ್ ಒಂದು ಸಾಲು, ಅವಳೊಂದು ಸಾಲು. ಬೆರಳು ಮರಗಟ್ಟಿದರೂ ಕುಯ್ದಳು, ನಗುನಗುತ್ತ ಕುಯ್ದಳು. ಗಾಡಿಯ ಹಿಂಭಾಗ ಹಸಿರಾಗಿ ತುಂಬಿತು.

ವಾಪಸು ಬರುವಾಗ ಊರ ಗಡಿಯಾರದ ಎರಡೂ ಮುಳ್ಳು ಹನ್ನೆರಡರ ಮೇಲೆ ಕೂಡಿ ಆಗಲೇ ಬಿಡಿಸಿಕೊಂಡಿದ್ದವು. ಓಜೆಲ್ಲಾಳ ಕಣ್ಣು ಮಂಜಾಯಿತು. "ಮುಗೀತಪ್ಪಾ," ಎಂದಳು.

"ತಾಳಕ್ಕ. ಗಂಟೆ ಸದ್ದು ನಾನಂತೂ ಕೇಳಲಿಲ್ಲ," ಎಂದ ಕ್ಲೀವನ್.

ಸಂತೆಯ ಬಾಗಿಲಲ್ಲಿ ಡನೀಕಾಳ ಕುರ್ಚಿಯ ಮೇಲೆ ವರ್ಡೀನ್ ಕೂತಿದ್ದಳು. ಹಿತ್ತಾಳೆ ಗಂಟೆ ಅವಳ ಮಡಿಲಲ್ಲಿತ್ತು. ಎರಡೂ ಕೈಯಲ್ಲಿ ಅದನ್ನು ಮಗುವಿನ ಹಾಗೆ ಅವಚಿಕೊಂಡು, ತನ್ನ ಮಂಡಿ ಆಪರೇಶನ್ನಿನ ಕಥೆಯನ್ನು ಮೊದಲಿಂದ ಹೇಳುತ್ತಿದ್ದಳು. ಡನೀಕಾ ಅಳುವುದೊಂದು ಬಾಕಿ.

"ಅಮ್ಮಾ, ದಮ್ಮಯ್ಯ, ಗಂಟೆ ಕೊಡಿ!"

"ಇರೇ ಮಗಾ, ಡಾಕ್ಟರು ಏನಂದ್ರು ಅಂತ ಹೇಳೇ ಇಲ್ವಲ್ಲ. ಗಂಟೆ ಹೊಡೀದೆ ಸಂತೆ ಮುಗಿಯೋದು ಎಲ್ಲಾದ್ರೂ ಇದ್ಯಾ?" ಗಾಡಿ ಕಂಡದ್ದೇ ಅವಳು ಓಜೆಲ್ಲಾಳ ಮೇಲೆ ಹರಿಹಾಯ್ದಳು. "ಏನೇ ನೋಡ್ತಾ ನಿಂತೆ? ಕೊಡು ಬಿಲ್ಲೇನ! ನಾಳೆ ನಾನೂ ಅಲ್ಲೇ ಉಣ್ಣಬೇಕು. ಆ ಡಬ್ಬದ ಸೊಪ್ಪು ಇನ್ನೊಂದು ವರ್ಷ ನನ್ನ ಕೈಲಾಗಲ್ಲ!"

ಓಜೆಲ್ಲಾ ಕಾಫಿ ಡಬ್ಬವನ್ನು ಕ್ಲೀವನ್‌ನ ಮೇಜಿನ ಮೇಲೆ ಬೋರಲು ಹಾಕಿದಳು. ಕೊನೆಯ ಬಿಲ್ಲೆ ಉರುಳಿ ನಿಂತಾಗ ವರ್ಡೀನ್ ತಾನೇ ಎದ್ದು, ಇಡೀ ಬೀದಿಗೆ ಕೇಳುವಂತೆ ಗಂಟೆ ಬಾರಿಸಿದಳು. ಡನೀಕಾ ಕಿವಿ ಮುಚ್ಚಿಕೊಂಡು ನಗತೊಡಗಿದಳು.

ಆ ಸಂಜೆಯೆಲ್ಲ ಓಜೆಲ್ಲಾಳ ಮನೆಯಲ್ಲಿ ಸೊಪ್ಪಿನ ಜೊತೆ ಹೊಗೆ ಹಾಕಿ ಒಣಗಿಸಿದ ಹಂದಿಮಾಂಸ ಸಣ್ಣ ಉರಿಯಲ್ಲಿ ಬೆಂದಿತು.

ಭಾನುವಾರ ಅವಳು ಚರ್ಚಿನ ಊಟದ ಮನೆಯಲ್ಲಿ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಳು. ಸಾಲಿನ ಮೊದಲಿಗೆ ವರ್ಡೀನ್. ಬಡಿಸಿಕೊಂಡು ಹೋದವಳು ತಿರುಗಿ ನೋಡಲಿಲ್ಲ. ಜನ ಬಂದರು, ಹೋದರು, ಪಾತ್ರೆ ಅರ್ಧಕ್ಕಿಳಿಯಿತು. ವರ್ಡೀನ್ ತಟ್ಟೆ ಹಿಡಿದು ಮತ್ತೆ ಎದುರು ಬಂದಳು. ತಟ್ಟೆಯಲ್ಲಿ ಸೊಪ್ಪು ಬೆಂದ ರಸವನ್ನೂ ಬಿಡದೆ ಬ್ರೆಡ್ಡಿನಿಂದ ಒರೆಸಿ ತಿಂದಿದ್ದಳು. ಅವಳು ಇಡೀ ಸಭೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡಳು.

"ಈ ಸೊಪ್ಪು ಯಾರು ಮಾಡಿದ್ದು?"

ಅವಳಿಗೆ ಗೊತ್ತಿಲ್ಲವೆ? ಗಂಟೆ ಹಿಡಿದು ಕೂತಿದ್ದವಳು ಅವಳೇ.

"ನಾನೇ, ವರ್ಡೀನಕ್ಕ," ಎಂದಳು ಓಜೆಲ್ಲಾ.

"ಜೋರಾಗಿ ಹೇಳೇ. ಹಿಂದಿನವರಿಗೆ ಕೇಳಲ್ಲ."

"ನಾನು!" ಎಂದು ಓಜೆಲ್ಲಾ ಚರ್ಚಿನ ಗಾಜು ಅದುರುವ ಹಾಗೆ ಕೂಗಿದಳು. ವರ್ಡೀನ್ ತಟ್ಟೆ ಮುಂದೆ ಚಾಚಿದಳು.