ಚಿಕ್ಕತಾಯಿಯ ಎಡೆ

ಮೊಮ್ಮಗಳು ಮೇಘಶ್ರೀಯ ಹಲ್ಲು ಸರಿಮಾಡಿಸಲು ದುದ್ದದ ಲಕ್ಕಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಗ ಪುಟ್ಟರಾಜು ಗೋಗರೆದ, ಸೊಸೆ ಮುಖ ಊದಿಸಿಕೊಂಡಳು. ಕಾರಣ ಊರಿಗೆಲ್ಲ ಗೊತ್ತಿತ್ತು. ಲಕ್ಕಮ್ಮನ ಮಗಳು ಚಿಕ್ಕತಾಯಿ ಹದಿಹರೆಯದಲ್ಲೇ ಕಾಮಾಲೆಯಿಂದ ತೀರಿಕೊಂಡ ಮರುವರ್ಷ ಈ ಹುಡುಗಿ ಹುಟ್ಟಿದ್ದು. ಸತ್ತವಳೇ ಬಂದಳೆಂದು ಲಕ್ಕಮ್ಮ ಆಗಲೇ ನಂಬಿದ್ದಳು. ಹುಡುಗಿ ಬೆಳೆದಂತೆ ಎಡಗಡೆಯ ಕೋರೆಹಲ್ಲು ಥೇಟ್ ಚಿಕ್ಕತಾಯಿಯದರಂತೆ ಸಾಲು ಬಿಟ್ಟು ಮೇಲೇರಿ ಕೂತಾಗ ಮುದುಕಿಗೆ ಇನ್ಯಾವ ಸಾಕ್ಷಿಯೂ ಬೇಕಾಗಲಿಲ್ಲ.

ಮಹಾಲಯ ಅಮಾವಾಸ್ಯೆಯಂದು ಆ ಮನೆಯಲ್ಲಿ ಸತ್ತವರ ಹೆಸರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು. ಮೇಘಶ್ರೀ ತೊಟ್ಟಿಲಿಗೆ ಬಿದ್ದ ವರ್ಷವೇ ಲಕ್ಕಮ್ಮ ಆ ಸಾಲಿನಿಂದ ಮಗಳ ಎಲೆ ತೆಗೆಸಿಬಿಟ್ಟಳು. ಬದುಕಿರುವ ಕೂಸಿಗೆ ಯಾರಾದರೂ ಎಡೆ ಇಡುತ್ತಾರೆಯೇ?

ಕಡೆಗೆ ಗೆದ್ದವಳು ಹುಡುಗಿಯೇ. ಸ್ಕೂಲಿನಲ್ಲಿ ಆಡಿಕೊಳ್ಳುತ್ತಾರೆಂದು ಊಟ ಬಿಟ್ಟಳು. ಅವಳ ಹಸಿವನ್ನು ಮುದುಕಿ ಎಲ್ಲಿ ತಡೆದಾಳು? ತಾನೇ ಅವಳನ್ನು ಬಸ್ಸು ಹತ್ತಿಸಿಕೊಂಡು ಹಾಸನಕ್ಕೆ ಹೋದಳು.

ಹಲ್ಲಿನ ಡಾಕ್ಟರು ಶರ್ವಾಣಿ ಪುಟ್ಟ ಕನ್ನಡಿ ಹಿಡಿದು ತೋರಿಸಿದರು. "ದವಡೆ ಚಿಕ್ಕದು ಅಜ್ಜಿ, ಜಾಗ ಸಾಲದೆ ಕೋರೆಹಲ್ಲು ಮೇಲೆ ಹೋಗಿದೆ. ಪಕ್ಕದ ಹಲ್ಲು ತೆಗೆದು ಜಾಗ ಮಾಡಿ ಕ್ಲಿಪ್ ಹಾಕ್ತೀನಿ. ತಿಂಗಳು ತಿಂಗಳು ತಂತಿ ಬಿಗಿಸಿದ್ರೆ ತಾನೇ ಇಳಿದು ಸಾಲಿಗೆ ಸೇರುತ್ತೆ."

"ಆಮ್ಯಾಕೆ ವಾಪಸ್ ಓಯ್ತದಾ, ತಾಯಿ?"

"ಕ್ಲಿಪ್ ತೆಗೆದ ಮೇಲೆ ಹಲ್ಲಿಗೆ ಕೂರಿಸ್ಕೊಳ್ಳೋ ಒಂದು ಪ್ಲೇಟ್ ಕೊಡ್ತೀನಿ. ಅದನ್ನ ಹಾಕ್ಕೊಳ್ಳದೆ ಬಿಟ್ರೆ ಹಳೇ ಜಾಗಕ್ಕೆ ಎಳೆಯುತ್ತೆ."

ಲಕ್ಕಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಲ್ಲು ಇಳಿಯತೊಡಗಿತು. ಮನೆಯಲ್ಲಿ ಬೇರೇನೋ ಶುರುವಾಯಿತು. ಲಕ್ಕಮ್ಮ ಮುದ್ದೆ ತಿರುವುವಾಗ ಬೆನ್ನ ಹಿಂದೆ ಯಾರೋ ಎಂಜಲು ನುಂಗಿದ ಸದ್ದು. ತಿರುಗಿದರೆ ಯಾರೂ ಇಲ್ಲ. ಮುಚ್ಚಿಟ್ಟ ಸಾರಿನ ಪಾತ್ರೆಯ ಮೇಲೆ ಮುಚ್ಚಳ ಅಲುಗುತ್ತಿತ್ತು. ಹಲ್ಲಿನ ಜೊತೆ ಮಗಳನ್ನೂ ತಳ್ಳಿ ಆಚೆ ಹಾಕುತ್ತಿದ್ದಾರೆಂದು ಮುದುಕಿಗೆ ಅನ್ನಿಸಿತು. ಒಮ್ಮೆ ಕಳೆದುಕೊಂಡವಳನ್ನು ಮತ್ತೆ ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಕ್ಲಿಪ್ ಬಿಚ್ಚಿ ಪ್ಲೇಟು ಕೊಟ್ಟ ವಾರವೇ ಅವಳು ಅದನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹುದುಗಿಸಿದಳು. ಹುಡುಗಿ ಮನೆಯೆಲ್ಲ ತಡಕಾಡಿ, ಕೊನೆಗೆ ಅಜ್ಜಿಯ ಮುಖ ನೋಡಿಯೇ ತಿಳಿದುಕೊಂಡಳು.

"ನಾನು ಮೇಘಶ್ರೀ ಕಣಜ್ಜಿ," ಎಂದು ಬಿಕ್ಕಿದಳು. "ನನ್ನ ಒಂದ್ಸಲನಾದ್ರೂ ನನ್ನಂಗೆ ನೋಡು."

ಲಕ್ಕಮ್ಮನಿಗೆ ನಾಚಿಕೆಯಾಯಿತು. ಪ್ಲೇಟು ತೊಳೆದು ಕೊಟ್ಟಳು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಯಾರಿಗೂ ಹೇಳದೆ ಒಂದು ಎಲೆ ಹೆಚ್ಚಿಗೆ ಹಾಕಿ, ಚಿಕ್ಕತಾಯಿ ಪ್ರಾಣ ಬಿಡುತ್ತಿದ್ದ ಕಜ್ಜಾಯ ಬಡಿಸಿದಳು. ಇದ್ದೊಬ್ಬ ಮಗಳನ್ನು ತನ್ನ ಕೈಯಾರೆ ಸತ್ತವರ ಸಾಲಿಗೆ ಸೇರಿಸಿದೆನೆಂದು ಎದೆ ಒಡೆದುಹೋಗುತ್ತಿತ್ತು. ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತರು. ಮೇಘಶ್ರೀ ಅಜ್ಜಿಯ ಭುಜಕ್ಕೆ ಒರಗಿಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಪುಟ್ಟರಾಜು ಕೆಮ್ಮಿ ಬಾಗಿಲು ತೆರೆದ. ಉಳಿದ ಎಲೆಗಳು ಇಟ್ಟದ್ದು ಇಟ್ಟ ಹಾಗೇ ಇದ್ದವು. ಹೊಸ ಎಲೆಯ ಕಜ್ಜಾಯವನ್ನು ಮಾತ್ರ ಯಾರೋ ಕಚ್ಚಿದ್ದರು. ಬಾಗಿದ ಸಾಲಿನಲ್ಲಿ ಹಲ್ಲಿನ ಗುರುತು. ಎಡಗಡೆಯ ಕೋರೆಹಲ್ಲಿನ ಗುರುತು ಮಾತ್ರ ಸಾಲು ಬಿಟ್ಟು ಆಚೆಗಿತ್ತು.

ಸೊಸೆ ಕಿಟಾರನೆ ಕಿರುಚಿದಳು. ಮೇಘಶ್ರೀ ತನ್ನ ನೆಟ್ಟಗಿನ ಹಲ್ಲುಗಳ ಮೇಲೆ ಬೆರಳಾಡಿಸಿಕೊಂಡು ಹಿಂದಕ್ಕೆ ಸರಿದಳು. ಲಕ್ಕಮ್ಮ ಮಾತ್ರ ಹೆದರಲಿಲ್ಲ. ಎಲೆಯ ಮುಂದೆ ಕುಸಿದು ಕೂತು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕಂದ! ನೀನು ಎಲ್ಲೂ ಮತ್ತೆ ಉಟ್ಟೇ ಇರ್ನಿಲ್ವಾ? ಇಷ್ಟು ವರ್ಸ ಬಾಗ್ಲಲ್ಲಿ ಉಪಾಸ ನಿಲ್ಲಿಸ್ಬುಟ್ನಲ್ಲವ್ವ ನಿನ್ನ!"

ಪುಟ್ಟರಾಜು ಎಲೆ ಎತ್ತಲು ಬಂದ. ಮುದುಕಿ ಅವನ ಕೈ ತಳ್ಳಿದಳು.

"ಮುಟ್ಬ್ಯಾಡ ಕಣ್ಲಾ. ಎಲ್ಲಾ ಆಚೆಗೋಗಿ, ಬಾಗ್ಲಾಕಿ. ಅವಳಿನ್ನೂ ಉಣ್ತಾವ್ಳೆ."